ಪ್ರತಿಕ್ರಿಯೆ: ಸಭೆಯಲ್ಲಿ ತಡವರಿಸಿ, ರಾತ್ರಿಯೆಲ್ಲ ನನ್ನನ್ನೇ ಬೈದುಕೊಳ್ಳುತ್ತೇನೆ
ಒಂದು ತಡವರಿಕೆಯಿಂದ ಇಡೀ ನಿಮ್ಮನ್ನೇ ಅಳೆದುಬಿಡುವ ಅಭ್ಯಾಸವೇ ಬಹುಶಃ ಇದರ ಮೂಲ. ಆಪ್ತಸಮಾಲೋಚನೆಗೆ ಬರುವವರಲ್ಲಿ ನಾನು ಇದನ್ನು ಬಹಳ ಕಾಣುತ್ತೇನೆ. ಕೆಲಸವನ್ನು ಅಳೆಯಿರಿ, ಮನುಷ್ಯನನ್ನು ಅಳೆಯಬೇಡಿ ಎಂಬುದು 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ ರೂಪಿಸಿದ ಮನೋಚಿಕಿತ್ಸೆಯ ಒಂದು ತಿರುಳು.

ಮೊದಲು, ಸಭೆ ಮುಗಿದ ಕೂಡಲೇ ನಡೆದದ್ದನ್ನಷ್ಟೇ ಬರೆಯಿರಿ: ‘ಲೆಕ್ಕ ಹೇಳುವಾಗ ತಡವರಿಸಿದೆ.’ ‘ನಾನು ದಡ್ಡ’ ಎಂದು ಬರೆದಿದ್ದರೆ ಹೊಡೆದುಹಾಕಿ, ಅದು ತೀರ್ಪು. ಮುಂದಿನ ಸಭೆಯಲ್ಲಿ ಆರಂಭದಲ್ಲೇ ಒಂದು ಪ್ರಶ್ನೆ ಕೇಳಿ. ಧ್ವನಿ ನಡುಗಿದರೆ ನಡುಗಲಿ. ಮುಚ್ಚಿಡಲು ಹೆಣಗಿದಷ್ಟೂ ಗಮನವೆಲ್ಲ ಅಲ್ಲೇ ಹೋಗುತ್ತದೆ. ಆಮೇಲೆ ಒಂದೊಂದೇ ಮಾತು ಹೆಚ್ಚಿಸಿ.

ಭಯದಿಂದ ಸಭೆಗಳನ್ನೇ ತಪ್ಪಿಸುತ್ತಿದ್ದೀರಾ ಎಂಬುದು ನಿಮ್ಮ ಬರಹದಿಂದ ತಿಳಿಯಲಿಲ್ಲ. ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.