ಸಪ್ತರ್ಷಿಗಳು ಅಕ್ಕಪಕ್ಕದಲ್ಲೇ ಇದ್ದಾರಾ?

ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳೂ ನಿಜಕ್ಕೂ ಅಕ್ಕಪಕ್ಕ ಇವೆಯಾ ಅಂತ ಕೇಳಿದ್ದೀರಿ. ಪೂರ್ತಿ ಇಲ್ಲ. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಈ ಐದೂ ಸುಮಾರು 80 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದಲ್ಲಿವೆ, ಗುಂಪಾಗಿ ಒಂದೇ ಕಡೆಗೆ ಸಾಗುತ್ತಿವೆ. ಎರಡು ತುದಿಯವು ಬೇರೆ. ಮರೀಚಿ ಸುಮಾರು 104, ಕ್ರತು ಸುಮಾರು 123 ಜ್ಯೋತಿರ್ವರ್ಷ ದೂರ! ಅಷ್ಟು ದೂರದ ಆಳ ನಮ್ಮ ಕಣ್ಣಿಗೆ ತಿಳಿಯಲ್ಲ. ಹಾಗಾಗಿ ಎಲ್ಲವೂ ಒಂದೇ ಚಾವಣಿಗೆ ಅಂಟಿಸಿದಂತೆ ಕಾಣುತ್ತವೆ. ತುಂಬಾ ದೂರದ ಬೇರೆ ಯಾವುದೋ ನಕ್ಷತ್ರದ ಬಳಿ ನಿಂತು ನೋಡಿದರೆ ಈ ಸೌಟಿನ ಆಕಾರವೇ ಇರಲ್ಲ.

ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ ಉತ್ತರಕ್ಕೆ ತಿರುಗಿ ನೋಡಿ. ವಸಿಷ್ಠನಿಗೆ ಒತ್ತಿಕೊಂಡ ಸಣ್ಣ ಚುಕ್ಕಿ ಅರುಂಧತಿ, ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ತೋರಿಸುತ್ತಾರಲ್ಲ, ಅದೇ. ಆಮೇಲೆ ಕ್ರತುವನ್ನು ಹುಡುಕಿ. ಆ ಬೆಳಕು ಹೊರಟಿದ್ದು ನಮ್ಮ ಮುತ್ತಜ್ಜನ ಕಾಲದಲ್ಲಿ.