ನನ್ನ ಬಾಯಿ ನನ್ನಿಷ್ಟ ಅನ್ನೋರಿಗೆ ಏನು ಹೇಳೋದು?

ಪ್ರಶ್ನೆ: ಮೇಡಂ, ನಮ್ಮದು ಚಿಂತಾಮಣಿ ತಾಲೂಕಿನ ಒಂದು ಹಳ್ಳಿ. ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗ್ತೀವಲ್ಲ, ಅಲ್ಲಿ ನಮ್ಮ ಭಾವನೋರ ಮಗ ದಿನಾ ಯಾರನ್ನಾದ್ರೂ ಹಿಡ್ಕೊಂಡು ಆಡ್ಕೊಳ್ತಾನೆ. ಹಾಲಿನ ಡಿಗ್ರಿ, ಅಂದ್ರೆ ಗಟ್ಟಿತನದ ಅಳತೆ, ಕಮ್ಮಿ ಬಂತು ಅಂತ ಒಬ್ಬ ಅಜ್ಜಿಗೆ ಸಾಲಲ್ಲಿರೋರೆಲ್ಲರ ಮುಂದೆ "ಏನ್ ಮುದುಕಿ, ಬೋರ್‌ವೆಲ್ ನೀರು ಮಾರೋಕೆ ಬಂದಿದ್ದೀಯಾ" ಅಂದ, ಎಲ್ರೂ ನಕ್ಕುಬಿಟ್ರು. ಆವತ್ತಿಂದ ಆಯಮ್ಮ ಬರ್ತಿಲ್ಲ, ಮೊಮ್ಮಗಳ ಕೈಲಿ ಕ್ಯಾನು ಕಳಿಸ್ತಾರೆ. ಕಾಲೋನಿಯವರೊಬ್ಬರಿಗೆ ಜಾತಿ ಹೆಸರು ಹಿಡಿದೇ ಬೈದಿದ್ದಾನೆ. ಕೇಳಿದ್ರೆ "ಚಿಕ್ಕಮ್ಮ, ಗೌರವ ಕೊಡಲೇಬೇಕು ಅಂತ ಯಾವ ಕಾನೂನಲ್ಲಿದೆ? ವಾಕ್ ಸ್ವಾತಂತ್ರ್ಯ ಇದೆ, ನನ್ನ ಬಾಯಿ ನನ್ನಿಷ್ಟ" ಅಂತಾನೆ. ಕಾಲೇಜು ಓದಿರೋ ಹುಡುಗ, ನಮಗೆ ಎದುರು ಹೇಳೋಕೆ ಬರಲ್ಲ. ಅವನು ಹೇಳೋದು ಸರೀನಾ?
ಹೆಸರು ಬೇಡ, ಚಿಂತಾಮಣಿ ತಾಲೂಕು

ಉತ್ತರ: ಒಂದು ಮಾತು ಸರಿ ಇದೆ ಅಮ್ಮ, ಅದನ್ನ ಮೊದಲು ಒಪ್ಕೊಂಡುಬಿಡೋಣ. ಇನ್ನೊಬ್ಬರಿಗೆ ಗೌರವ ಕೊಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಇರಲೂಬಾರದು. ಯಾಕಂದ್ರೆ ನಮ್ಮ ಕಡೆ "ಗೌರವ ಕೊಟ್ಟು ಮಾತಾಡು" ಅನ್ನೋ ಮಾತನ್ನ ಜಾಸ್ತಿ ಕೇಳಿಸ್ಕೊಂಡಿರೋದು ಯಾರು ಹೇಳಿ, ಗೌಡರ ಮನೆ ಮುಂದೆ ಚಪ್ಪಲಿ ಬಿಟ್ಟು ಟವೆಲ್ ಕಂಕುಳಲ್ಲಿ ಇಟ್ಕೊಂಡು ನಿಂತೋರು, ಅತ್ತೆ ಮಾವನ ಎದುರು ಒಂದು ಪ್ರಶ್ನೆ ಕೇಳಿದ ಸೊಸೆ, ಕೂಲಿ ಜಾಸ್ತಿ ಕೇಳಿದ ಆಳು. ಅಗೌರವ ಅನ್ನೋದನ್ನೇ ಅಪರಾಧ ಮಾಡಿದ್ರೆ ಮೊದಲು ಸ್ಟೇಷನ್ ಮೆಟ್ಟಿಲು ಹತ್ತೋರು ಇವರೇ. ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು, ಮನಸ್ಸಿಗೆ ಕಿರಿಕಿರಿ ಆಗೋ ಥರ ಮೆಸೇಜ್ ಹಾಕಿದ್ರೂ ಜೈಲು ಅನ್ನೋ ಹಾಗೆ, ಅದನ್ನ ಸುಪ್ರೀಂ ಕೋರ್ಟು 2015ರ ಮಾರ್ಚ್ 24ಕ್ಕೆ ರದ್ದು ಮಾಡ್ತು. ಒಳ್ಳೇದೇ ಆಯ್ತು ಅಂತ ನಾನು ಈಗಲೂ ಹೇಳ್ತೀನಿ.

ಆದ್ರೆ ಹುಡುಗ ಸಂವಿಧಾನದ ಅರ್ಧ ಓದಿದ್ದಾನೆ. 19(1)(ಎ) ಮಾತಾಡೋ ಹಕ್ಕು ಕೊಡುತ್ತೆ, ಅದರ ಹಿಂದೇನೇ 19(2) ಇದೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ, ಸಾರ್ವಜನಿಕ ಸುವ್ಯವಸ್ಥೆ ಇಂಥ ಕಾರಣಕ್ಕೆ ಸರ್ಕಾರ ಮಿತಿ ಹಾಕಬಹುದು ಅಂತ. ಕಾಲೋನಿಯವರಿಗೆ ಬೈದಿದ್ದು ನೋಡಿ, ಅದಂತೂ ಚರ್ಚೆಗೇ ಬರಲ್ಲ. ಬೈಸಿಕೊಂಡೋರು ಪರಿಶಿಷ್ಟ ಜಾತಿ ಪಂಗಡದವರು, ಬೈದೋನು ಅಲ್ಲ, ಜನ ನೋಡೋ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದ ಅಂದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಆರು ತಿಂಗಳಿಂದ ಐದು ವರ್ಷದ ತನಕ ಜೈಲು, ಜೊತೆಗೆ ದಂಡ. ಡೈರಿ ಮುಂದಿನ ಸಾಲಿಗಿಂತ ಜನ ನೋಡೋ ಜಾಗ ಇನ್ನೆಲ್ಲಿದೆ? ಇದನ್ನ ಅವನಿಗೂ ಹೇಳಿ, ಅವರ ಅಪ್ಪನಿಗೂ ಹೇಳಿ. ಬೈಸಿಕೊಂಡೋರು ಕಂಪ್ಲೇಂಟ್ ಕೊಡ್ತೀನಿ ಅಂದ್ರೆ ದಯವಿಟ್ಟು "ಹೋಗ್ಲಿ ಬಿಡಪ್ಪ, ಹುಡುಗ" ಅಂತ ತಡೆಯೋಕೆ ಹೋಗಬೇಡಿ, ಕೊಡಬೇಕೋ ಬೇಡವೋ ಅನ್ನೋದು ಅವರಿಗೆ ಬಿಟ್ಟಿದ್ದು.

ಅಜ್ಜಿ ವಿಷಯ ನನಗೆ ಇನ್ನೂ ಜಾಸ್ತಿ ಕಾಡ್ತಿದೆ, ಯಾಕಂದ್ರೆ ಅಲ್ಲಿ ಕಾನೂನು ಅಷ್ಟು ಸಲೀಸಾಗಿ ಕೈಗೆ ಸಿಗಲ್ಲ. ಮುದುಕಿ ಅಂದಿದ್ದು ಕೆಟ್ಟ ಮಾತು, ಅಷ್ಟೇ. ಆದ್ರೆ ನೀರು ಮಾರ್ತೀಯಾ ಅಂದಿದ್ದು ಆರೋಪ. ಡಿಗ್ರಿ ಕಮ್ಮಿ ಬರೋಕೆ ನೀರೇ ಬೆರೆಸಬೇಕಾ? ಹಸಿ ಮೇವು ಸಾಲದೆ ಬರೀ ಒಣ ಹುಲ್ಲಲ್ಲಿ ಸಾಕಿರೋ ಹಸು, ಬಿಸಿಲು, ಕೆಚ್ಚಲು ಬಾವು, ಇಷ್ಟಕ್ಕೂ ಎಸ್‌ಎನ್‌ಎಫ್, ಅಂದ್ರೆ ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಇಳಿಯುತ್ತೆ, ಹಸು ಕಟ್ಟಿದೋರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದೂ ಊರ ಮುಂದೆ ಕಳ್ಳಿ ಅನ್ನೋ ಹಾಗೆ ಮಾಡಿದ. ಹಳೇ ಐಪಿಸಿ ಬದಲು ಈಗಿರೋ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಅದು ಮಾನನಷ್ಟ ಆಗಬಹುದು, ಎರಡು ವರ್ಷದ ತನಕ ಶಿಕ್ಷೆ ಇದೆ. ಆದ್ರೆ ಆ ಅಜ್ಜಿ ವಕೀಲರನ್ನ ಹಿಡ್ಕೊಂಡು ಚಿಂತಾಮಣಿ ಕೋರ್ಟಿಗೆ ಅಲೀತಾರಾ?

ಅದಕ್ಕೇ ನಾನು ಹೇಳೋದು, ಅವನ ಸ್ವಾತಂತ್ರ್ಯಕ್ಕೆ ಮಿತಿ ಪೊಲೀಸ್ರೇ ಹಾಕಬೇಕು ಅಂತ ಕಾಯಬೇಡಿ. ಅವನಿಗಿರೋ ವಾಕ್ ಸ್ವಾತಂತ್ರ್ಯ ಸಾಲಲ್ಲಿ ನಿಂತಿರೋ ನಿಮ್ಮೆಲ್ಲರಿಗೂ ಇದೆ, ಅವತ್ತು ಯಾರೂ ಅದನ್ನ ಬಳಸಲಿಲ್ಲ, ನಕ್ಕಿದ್ರಿ. ಸರ್ಕಾರ ಜೈಲಿಗೆ ಹಾಕಲ್ಲ ಅನ್ನೋದು ಬೇರೆ, ಊರಲ್ಲಿ ಯಾರೂ ಏನೂ ಅನ್ನಬಾರದು ಅನ್ನೋದು ಬೇರೆ, ಅವನು ಎರಡನ್ನೂ ಒಂದು ಮಾಡಿ ನಿಮ್ಮ ಬಾಯಿ ಕಟ್ಟಿದ್ದಾನೆ. ಅಜ್ಜಿ ಹಾಲು ಹಾಕೋ ಜಾಗದಿಂದಲೇ ದೂರ ಆದ್ರು, ಅವನ ಒಂದು ಮಾತಿಗೆ ಅವರ ಓಡಾಟದ ಸ್ವಾತಂತ್ರ್ಯ ಹೋಯ್ತು. ನೀವು ಚಿಕ್ಕಮ್ಮ ಆಗಬೇಕು, ಮುಂದಿನ ಸಲ ಅವನು ಬಾಯಿ ತೆಗೆದಾಗ ಅಲ್ಲೇ, ಎಲ್ಲರ ಮುಂದೆ, "ಪರೀಕ್ಷೆ ಮಾಡ್ಸಿ ಆಮೇಲೆ ಮಾತಾಡಪ್ಪ" ಅಂತ ಅಂದ್ಬಿಡಿ. ಕೂಗಾಡೋದು ಬೇಡ. ಆಮೇಲೆ ಅಜ್ಜಿ ಮನೆಗೆ ಹೋಗಿ ಕ್ಯಾನು ನೀವು ಎತ್ಕೊಂಡು ಅವರನ್ನ ಜೊತೇಲಿ ಕರ್ಕೊಂಡು ಬನ್ನಿ, ಬಟವಾಡೆ ದಿನ ಆದ್ರೆ ಇನ್ನೂ ಒಳ್ಳೇದು, ಅವರ ದುಡ್ಡು ಅವರೇ ಎಣಿಸ್ಕೊಳ್ಳಲಿ.

ಪ್ರಶ್ನೆ: ಚರಂಡಿ ಕೆಲಸಕ್ಕೆ ಬಿಲ್ ಆಗಿದೆ, ಚರಂಡಿ ಆಗಿಲ್ಲ. ನಮ್ಮ ಪಂಚಾಯ್ತಿ ಮೆಂಬರ್ ನಾಲಾಯಕ್ ಅಂತ ಫೇಸ್‌ಬುಕ್ಕಲ್ಲಿ ಹಾಕಿದೆ, ಅವರ ಹೆಂಡ್ತಿ ಒಡವೆ ಎಲ್ಲಿಂದ ಬಂತು ಅಂತಲೂ ಕೇಳಿದ್ದೆ. ಮಾನನಷ್ಟ ಕೇಸ್ ಹಾಕ್ತೀನಿ ಅಂತಿದ್ದಾರೆ. ಡಿಲೀಟ್ ಮಾಡ್ಲಾ?
ಗುಬ್ಬಿ ತಾಲೂಕು, ತುಮಕೂರು

ಉತ್ತರ: ಒಡವೆ ಸಾಲು ಇವತ್ತೇ ತೆಗೀರಿ. ಆಯಮ್ಮ ಓಟು ಕೇಳೋಕೆ ನಿಂತಿರಲಿಲ್ಲ, ಅವರನ್ನ ಎಳೆಯೋ ಹಕ್ಕು ನಿಮಗಿಲ್ಲ. ನಾಲಾಯಕ್ ಅನ್ನೋದು ಇರಲಿ ತಮ್ಮ. ಜನಪ್ರತಿನಿಧಿಯ ಸಾರ್ವಜನಿಕ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳೋದು, ಜನರ ಹಿತಕ್ಕೆ ನಿಜ ಹೇಳೋದು, ಇವೆರಡಕ್ಕೂ ಮಾನನಷ್ಟದ ಸೆಕ್ಷನ್ನಲ್ಲೇ ವಿನಾಯಿತಿ ಇದೆ. ಆದ್ರೆ ನಿಜ ಅಂತ ತೋರಿಸೋಕೆ ಕಾಗದ ಬೇಕಲ್ಲ, ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ಬಿಲ್ಲು ಮತ್ತು ಆದ ಕೆಲಸದ ಲೆಕ್ಕ ಬರೆದಿಡೋ ಅಳತೆ ಪುಸ್ತಕದ ನಕಲು ಕೇಳಿ, ಮೂವತ್ತು ದಿನದಲ್ಲಿ ಕೊಡಬೇಕು. ಬಂದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಅವರ ಮುಖ ನೋಡ್ಕೊಂಡೇ ಓದಿ.