ಹಾಟ್ ಟಬ್: ಪೋರ್ಟಬಲ್ ತರಿಸೋದಾ, ನೆಲದೊಳಗೆ ಕಟ್ಟಿಸೋದಾ?

ನೀವು ಕೇಳಿದ್ದು ಇಷ್ಟು: ಹಿತ್ತಲಲ್ಲಿ ನಾಲ್ಕೈದು ಜನ ಕೂರುವ ಹಾಟ್ ಟಬ್, ಅಂದರೆ ಬಿಸಿನೀರಿನ ತೊಟ್ಟಿ ಬೇಕು, ಈಜುಕೊಳ ಇಲ್ಲ, ನೆಲಮಟ್ಟಕ್ಕೆ ಕಟ್ಟಿದ್ದೇ ನೋಡಲು ಚೆಂದ ಅನ್ನಿಸುತ್ತಿದೆ, ಪೋರ್ಟಬಲ್ ಕೊಂಡರೆ ಆಮೇಲೆ ಪಶ್ಚಾತ್ತಾಪ ಪಡುತ್ತೇವಾ? ಈಜುಕೊಳ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನನ್ನ ಒಲವು ಪೋರ್ಟಬಲ್ ಕಡೆಗೆ. ಚೆಂದದ ವಿಷಯಕ್ಕೂ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಎರಡು ವಿಷಯ ಯೋಚಿಸಿ. ವಾರಕ್ಕೆ ಎಷ್ಟು ಸಲ ನಿಜವಾಗಿಯೂ ಕೂರುತ್ತೀರಿ? ಪೈಪ್ ಸೋರಿದ ದಿನ ರಿಪೇರಿಯವನ ಕೈ ಅಲ್ಲಿಗೆ ಹೋಗುತ್ತದಾ? ಚೆಂದ, ಆಕಾರ, ಎಷ್ಟು ಜೆಟ್ (ನೀರು ರಭಸವಾಗಿ ಚಿಮ್ಮುವ ಬಾಯಿ) ಅನ್ನುವುದೆಲ್ಲ ಇವೆರಡರ ನಂತರದ ಮಾತು.

ಪೋರ್ಟಬಲ್ ಅಂದಾಕ್ಷಣ ಗಾಳಿ ತುಂಬಿಸುವ ರಬ್ಬರ್ ತೊಟ್ಟಿ ಅಂದುಕೊಳ್ಳಬೇಡಿ. ಅದೂ ಇದೆ, ಒಂದೆರಡು ವರ್ಷ ಬಳಸಿ ನೋಡುವವರಿಗೆ ಸರಿ. ನಾನು ಹೇಳುತ್ತಿರುವುದು ಗಟ್ಟಿ ಅಕ್ರಿಲಿಕ್ ತೊಟ್ಟಿಯ ಬಗ್ಗೆ. ಪಂಪ್, ಹೀಟರ್, ಫಿಲ್ಟರ್, ಕಂಟ್ರೋಲ್ ಬಾಕ್ಸ್, ಪೈಪುಗಳು ಎಲ್ಲವೂ ಅದರ ಹೊರಪೆಟ್ಟಿಗೆಯೊಳಗೇ ಇರುತ್ತವೆ. ಐದಾರು ಜನರ ಟಬ್ ಖಾಲಿ ಇದ್ದಾಗಲೇ 300ರಿಂದ 450 ಕಿಲೋ ತೂಗುತ್ತದೆ. ನೆಲದೊಳಗಿನದರಲ್ಲಿ ಎರಡು ಬಗೆ: ಗುಂಡಿ ತೋಡಿ ಸರಳು ಕಟ್ಟಿ ಕಾಂಕ್ರೀಟ್ ಹಾಕುವುದು, ಇಲ್ಲವೇ ಕಾರ್ಖಾನೆಯಲ್ಲಿ ಮಾಡಿದ ಫೈಬರ್‌ಗ್ಲಾಸ್ ಅಥವಾ ಅಕ್ರಿಲಿಕ್ ತೊಟ್ಟಿಯನ್ನು ಗುಂಡಿಗೆ ಇಳಿಸುವುದು. ಎರಡರಲ್ಲೂ ಪಂಪು, ಹೀಟರು ದೂರದಲ್ಲೆಲ್ಲೋ ಇರುತ್ತವೆ, ನಡುವಿನ ಪೈಪು ಮಣ್ಣಿನಡಿಯಲ್ಲಿ.

ಮೊದಲು ಬಿಸಿಯ ಲೆಕ್ಕ ನೋಡೋಣ. ಎಷ್ಟೋ ಮಂದಿ ತಪ್ಪು ಆಯ್ಕೆ ಮಾಡುವುದು ಇಲ್ಲಿಯೇ. ಒಂದು ಯೂನಿಟ್ ಕರೆಂಟು ಸುಮಾರು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. 1500 ಲೀಟರಿನ ಪೋರ್ಟಬಲ್ ಟಬ್ಬನ್ನು 20 ಡಿಗ್ರಿಯಿಂದ 38ಕ್ಕೆ ತರಲು 31 ಯೂನಿಟ್ ಬೇಕು. ಹೀಟರ್ 3 ಕಿಲೋವ್ಯಾಟಿನದಾದರೆ ಹತ್ತೂವರೆ ಗಂಟೆ. ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮಾದರಿಯ 1 ಕಿಲೋವ್ಯಾಟ್ ಹೀಟರಾದರೆ 31 ಗಂಟೆ, ಅದೂ ಸೋರಿಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದೆ. ಹಾಗಾಗಿ ಪೋರ್ಟಬಲ್ ಟಬ್ಬನ್ನು ಬೇಕೆನಿಸಿದಾಗ ಬಿಸಿ ಮಾಡುವುದಲ್ಲ, ಸದಾ ಬಿಸಿಯಾಗಿಯೇ ಇಟ್ಟಿರುವುದು. ಪೆಟ್ಟಿಗೆಯೊಳಗೆ ಫೋಮ್, ಮೇಲೆ ಬಿಗಿಯಾದ ದಪ್ಪ ಕವರ್ ಇರುವುದರಿಂದ ಅದು ಕೈಗೆಟುಕುವ ಖರ್ಚಿನಲ್ಲಿ ನಡೆಯುತ್ತದೆ. ಸಂಜೆ ಕವರ್ ತೆಗೆದರೆ ಸಾಕು, ಕೂರಬಹುದು.

ಕಾಂಕ್ರೀಟ್ ತೊಟ್ಟಿಯ ಸ್ವಭಾವ ಬೇರೆ. ಸುತ್ತ ಇನ್ಸುಲೇಷನ್ ಸಾಮಾನ್ಯವಾಗಿ ಇರುವುದಿಲ್ಲ, ಗೋಡೆ ಮತ್ತು ಮಣ್ಣು ಎರಡೂ ಶಾಖ ಹೀರುತ್ತಲೇ ಇರುತ್ತವೆ. ಅದನ್ನು ದಿನವಿಡೀ 38 ಡಿಗ್ರಿಯಲ್ಲಿ ಇಡುವುದೆಂದರೆ ತೂತು ಮಡಕೆಗೆ ನೀರು ಹೊಯ್ದ ಹಾಗೆ. ಅದಕ್ಕೇ ಇದಕ್ಕೆ ದೊಡ್ಡ ಗ್ಯಾಸ್ ಹೀಟರ್ ಕೂರಿಸುತ್ತಾರೆ. 2500 ಲೀಟರಿಗೆ ಅದೇ 18 ಡಿಗ್ರಿ ಏರಿಕೆಗೆ 52 ಯೂನಿಟ್‌ನಷ್ಟು ಶಾಖ ಬೇಕು, ನೀರಿಗೆ 60 ಕಿಲೋವ್ಯಾಟ್ ಕೊಡುವ ಹೀಟರ್ ಇದ್ದರೆ ಸುಮಾರು ಒಂದು ಗಂಟೆ. ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ) ಹಾಕಿದರೆ ಖರ್ಚು ಇಳಿಯುತ್ತದೆ, ಆದರೆ 12 ಕಿಲೋವ್ಯಾಟಿನದಕ್ಕೆ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆ. ವಾರಾಂತ್ಯಕ್ಕೊಮ್ಮೆ, ನೆಂಟರು ಬಂದಾಗ ಅನ್ನುವ ಬಳಕೆಗೆ ಇದು ಹೊಂದುತ್ತದೆ. ದಿನಾ ರಾತ್ರಿ ಇಪ್ಪತ್ತು ನಿಮಿಷ ಬೆನ್ನು ಕಾಯಿಸಿಕೊಳ್ಳುವವರಿಗೆ ಇದು ಬೇಡವೇ ಬೇಡ.

ಶಾಖ ಹೋಗುವ ದೊಡ್ಡ ದಾರಿ ಮೇಲ್ಮೈಯಿಂದ ಏಳುವ ಆವಿ. ಆದ್ದರಿಂದ ಯಾವ ಬಗೆಯದೇ ಆಗಲಿ, ಕವರ್ ಸರಿಯಾಗಿ ಕೂರುತ್ತದಾ ನೋಡಿ. ವಕ್ರಾಕಾರದ ಕಲ್ಲಿನ ಅಂಚಿರುವ, ಪಕ್ಕದಲ್ಲಿ ಜಲಪಾತ ಬೀಳುವ ತೊಟ್ಟಿ ಫೋಟೋದಲ್ಲಿ ಸೊಗಸು. ಅದಕ್ಕೆ ಬಿಗಿಯಾದ ಕವರ್ ಹೊಂದಿಸುವುದು ಮಾತ್ರ ತಲೆನೋವು. ಪೋರ್ಟಬಲ್‌ನ ಕವರ್ ಕೂಡ ಶಾಶ್ವತವಲ್ಲ: ಒಳಗಿನ ಫೋಮ್ ವರ್ಷಗಳು ಕಳೆದಂತೆ ಆವಿ ಹೀರುತ್ತದೆ. ಎತ್ತುವಾಗ ಹಠಾತ್ತನೆ ಭಾರ ಅನ್ನಿಸಿದರೆ ಅದರ ಕೆಲಸ ಮುಗಿಯಿತು ಅಂತಲೇ ಅರ್ಥ.

ಈಗ ಜಾಗ, ತೂಕ. 400 ಕಿಲೋ ಟಬ್, 1500 ಕಿಲೋ ನೀರು, ಐದು ಜನರ 350 ಕಿಲೋ ಸೇರಿದರೆ 2250 ಕಿಲೋ. 2.1 ಮೀಟರ್ ಚೌಕದ ಟಬ್ಬಿನಡಿ ಇದು ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಇದರ ಅರ್ಧಕ್ಕಿಂತ ಕಡಿಮೆ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ, ಆದ್ದರಿಂದ ಟೆರೇಸಿನ ಮೇಲೆ ಅನ್ನುವ ಆಸೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಹೆಜ್ಜೆ ಇಡಬೇಡಿ. ನೆಲದ ಮೇಲಾದರೆ ಚೆನ್ನಾಗಿ ದಮ್ಮಸು ಮಾಡಿದ ಜಲ್ಲಿಯ ಮೇಲೆ 10 ಸೆಂಟಿಮೀಟರ್ ದಪ್ಪದ, ಸರಳಿನ ಜಾಲರಿ ಇರುವ ಒಂದೇ ತುಂಡಿನ ಸ್ಲ್ಯಾಬ್ ಸಾಕು. ಬಿಡಿ ಕಲ್ಲುಚಪ್ಪಡಿ ಜೋಡಿಸಿ ಅದರ ಮೇಲೆ ಕೂರಿಸಬೇಡಿ. ಒಂದು ಮೂಲೆ ತಗ್ಗಿದರೂ ತೊಟ್ಟಿ ತಿರುಚಿಕೊಂಡು ಜೆಟ್‌ಗಳ ಗ್ಯಾಸ್ಕೆಟ್ ಬಿಡಲು ಶುರುವಾಗುತ್ತದೆ.

ಟಬ್ ಒಳಗೆ ಬರುವ ದಾರಿಯನ್ನು ಅಳೆಯುವುದು ಮರೆತುಹೋಗುವ ಕೆಲಸ. ಅದನ್ನು ಮಗ್ಗುಲಿಗೆ ನಿಲ್ಲಿಸಿ ಗಾಡಿಯ ಮೇಲೆ ತಳ್ಳಿ ತರುತ್ತಾರೆ, ಅಂದರೆ ಒಂದು ಮೀಟರಿಗೂ ಹೆಚ್ಚು ಅಗಲ, ಸುಮಾರು 2.4 ಮೀಟರ್ ಎತ್ತರ ತೆರವಾಗಿರಬೇಕು. ಗೇಟು ಮಾತ್ರ ಅಳೆದರೆ ಸಾಲದು. ಸಜ್ಜಾ, ಮೀಟರ್ ಬಾಕ್ಸ್, ಎಸಿಯ ಹೊರಘಟಕ, ಗೋಡೆಯಿಂದ ಚಾಚಿದ ನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ತಿರುವು ಇರುವ ಕಡೆ. ದಾರಿ ಇಲ್ಲದಿದ್ದರೆ ಕ್ರೇನೇ ಗತಿ.

ಕರೆಂಟು: ಪ್ರತ್ಯೇಕ ಲೈನ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್. ಟಬ್ಬಿನಲ್ಲಿ ಕೂತವರ ಕೈಗೆ ಸಿಗದ, ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿ ಟಬ್ಬಿನ ಕರೆಂಟನ್ನು ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಇರಲಿ. ಎಕ್ಸ್‌ಟೆನ್ಷನ್ ವೈರ್ ಯಾವ ಕಾರಣಕ್ಕೂ ಬೇಡ. ಕೊಳ್ಳುವಾಗ ಈ ಪ್ರಶ್ನೆ ಕೇಳಿ: ಜೆಟ್ ಪಂಪ್ ಪೂರ್ತಿ ವೇಗದಲ್ಲಿದ್ದಾಗ ಹೀಟರ್ ಓಡುತ್ತದಾ? ಪ್ಲಗ್ ಮಾದರಿಗಳಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ, ಎರಡಕ್ಕೂ ಒಟ್ಟಿಗೆ ಸಾಲುವಷ್ಟು ಕರೆಂಟನ್ನು ಆ ಪ್ಲಗ್ ಎಳೆಯಲಾರದು. ಚಳಿಯಲ್ಲಿ ಕೂತಿದ್ದಂತೆಯೇ ನೀರು ತಣ್ಣಗಾಗುವುದು ಇದರಿಂದ. ನಾಲ್ಕೈದು ಜನರ ಟಬ್ಬಿಗೆ ನೇರ ವೈರಿಂಗಿನ, 32 ಆಂಪ್ ಸುತ್ತಮುತ್ತಲಿನ ಮಾದರಿಯನ್ನೇ ನೋಡಿ.

ಕಟ್ಟಿಸುವುದೇ ಅಂತ ತೀರ್ಮಾನಿಸಿದರೆ ಗುತ್ತಿಗೆದಾರನ ಮೇಲೆ ಕಣ್ಣಿಡಬೇಕಾದ ಕೆಲವು ಹಂತಗಳಿವೆ. ಪೈಪ್ ಹಾಕಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ಲೈನುಗಳನ್ನು ಮುಚ್ಚಿ ಒತ್ತಡ ತುಂಬಿ ಗೇಜ್ ಕೂರಿಸಿ ಒಂದು ದಿನ ಬಿಡಬೇಕು. ಮುಳ್ಳು ಇಳಿಯಬಾರದು. ಕಾಂಕ್ರೀಟ್ ಹಾಕುವಾಗಲೂ ಆ ಗೇಜ್ ಅಲ್ಲೇ ಇದ್ದರೆ ಯಾರಾದರೂ ಪೈಪ್ ತುಳಿದು ಒಡೆದದ್ದು ಆಗಲೇ ಗೊತ್ತಾಗುತ್ತದೆ. ನೀರು ಎಳೆಯುವ ಡ್ರೈನ್ ಒಂದೇ ಇರಬಾರದು. ಒಂದೇ ಬಾಯಿ ಇದ್ದು ಅದಕ್ಕೆ ಮೈ ಅಥವಾ ಕೂದಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ, ಅದರಿಂದ ಮಕ್ಕಳು ಸತ್ತಿದ್ದಾರೆ. 90 ಸೆಂಟಿಮೀಟರಿಗಿಂತ ಹೆಚ್ಚು ಅಂತರದಲ್ಲಿ ಎರಡು ಡ್ರೈನ್, ಎರಡಕ್ಕೂ ಉಬ್ಬಿದ ಸುರಕ್ಷತಾ ಮುಚ್ಚಳ. ಸರಳು, ಕೈಹಿಡಿ, ಪಂಪಿನ ಲೋಹದ ಮೈ ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಬೇಕು, ಅದೂ ಕಾಂಕ್ರೀಟಿಗೆ ಮೊದಲೇ. ಗಾಳಿ ಊದುವ ಬ್ಲೋವರಿನ ಪೈಪು ನೀರಿನ ಮಟ್ಟಕ್ಕಿಂತ ಮೇಲೆ ಒಮ್ಮೆ ಬಳಸಿ ಬರಬೇಕು, ಇಲ್ಲದಿದ್ದರೆ ನೀರು ಹಿಂದಕ್ಕೆ ಹರಿದು ಬ್ಲೋವರ್ ಸುಡುತ್ತದೆ. ಅಂತರ್ಜಲ ಮೇಲಿರುವ ಜಾಗವಾದರೆ ತಳದಲ್ಲಿ ಹೈಡ್ರೊಸ್ಟ್ಯಾಟಿಕ್ ವಾಲ್ವ್ (ಕೆಳಗಿನ ನೀರನ್ನು ಒಳಗೆ ಬಿಟ್ಟು ಒತ್ತಡ ಇಳಿಸುವ ವಾಲ್ವ್) ಬೇಕೇಬೇಕು. ಅದಿಲ್ಲದೆ ಮಳೆಗಾಲದಲ್ಲಿ ತೊಟ್ಟಿ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ಇಡೀ ತೊಟ್ಟಿಯೇ ಮೇಲೆದ್ದು ಬಿರುಕು ಬಿಡಬಹುದು. ಫೈಬರ್‌ಗ್ಲಾಸಿಗಂತೂ ಈ ಅಪಾಯ ಇನ್ನೂ ಜಾಸ್ತಿ, ಹಗುರ ನೋಡಿ.

ಪಕ್ಕದಲ್ಲೇ ಈಜುಕೊಳ ಇದ್ದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಕೊಳಕ್ಕೆ ಅಂಟಿಸಿ ಕಟ್ಟಿದ ತೊಟ್ಟಿಗೆ ಅದೇ ಫಿಲ್ಟರ್, ಅದೇ ಹೀಟರ್, ಅದೇ ನೀರು ಸಾಕು. ಕೊಳದಲ್ಲಿ ಹತ್ತಾರು ಸಾವಿರ ಲೀಟರ್ ಇರುವುದರಿಂದ ರಾಸಾಯನಿಕ ಲೆಕ್ಕ ಅಷ್ಟು ಬೇಗ ಏರುಪೇರಾಗದು. ಒಂಟಿಯಾಗಿ ಕಟ್ಟಿದ ತೊಟ್ಟಿಗೆ ಆ ಲಾಭ ಇಲ್ಲ, ಪೋರ್ಟಬಲ್‌ನಷ್ಟೇ ಚಾಕರಿ ಮಾಡಬೇಕು, ಮೇಲೆ ಒಳಮೈಗೆ ಬಳಿದ ಪ್ಲಾಸ್ಟರಿನ ಕಾಟ.

ನೀರಿನ ಚಾಕರಿ ಅಂದರೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8, ಕ್ಲೋರಿನ್ 3ರಿಂದ 5 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಪಿಎಚ್ ಏರುಪೇರಾಗದಂತೆ ತಡೆಯುವ ಆಲ್ಕಲಿನಿಟಿ 80ರಿಂದ 120 ಪಿಪಿಎಂ. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಅದು ಇಳಿದರೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ. ಪೋರ್ಟಬಲ್‌ನ ನೀರು ಬದಲಿಸಲು ಸುಲಭ ಸೂತ್ರ: ಲೀಟರನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂರುವವರ ಸಂಖ್ಯೆಯಿಂದ ಭಾಗಿಸಿ. 1500 ಲೀಟರ್, ದಿನಾ ಇಬ್ಬರು ಅಂದರೆ 68 ದಿನ. ಖಾಲಿ ಮಾಡುವ ಮುನ್ನ ಪೈಪ್ ಶುದ್ಧಿ ಮಾಡುವ ದ್ರಾವಣ ಹಾಕಿ ಜೆಟ್ ಓಡಿಸಿ, ಪೈಪಿನೊಳಗಿನ ಲೋಳೆ ಹೊರಬರುತ್ತದೆ. ಮತ್ತೆ ತುಂಬುವಾಗ ನೀರು ಬಿಡುವ ಪೈಪನ್ನು ಫಿಲ್ಟರ್ ಗೂಡಿನೊಳಗೆ ಇಳಿಸಿ ತುಂಬಿ, ಇಲ್ಲದಿದ್ದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಹರಿಯುತ್ತಿಲ್ಲ ಎಂಬ ಎರರ್ ತೋರಿಸಿ ಹೀಟರ್ ನಿಂತುಬಿಡುತ್ತದೆ. ಖಾಲಿ ಅಕ್ರಿಲಿಕ್ ತೊಟ್ಟಿಯನ್ನು ಬಿರುಬಿಸಿಲಿಗೆ ತೆರೆದಿಡಬೇಡಿ, ಮೈ ಉಬ್ಬುತ್ತದೆ. ಕಾಂಕ್ರೀಟಿನದಕ್ಕೆ ಕ್ಯಾಲ್ಸಿಯಂ ಮೇಲೂ ಗಮನ ಬೇಕು: ನೀರಿನಲ್ಲಿ ಅದು ತೀರಾ ಕಡಿಮೆಯಾದರೆ ನೀರು ಪ್ಲಾಸ್ಟರನ್ನೇ ಕರಗಿಸಿ ತೆಗೆದುಕೊಳ್ಳುತ್ತದೆ. ಹೊಸ ಪ್ಲಾಸ್ಟರ್ ಮೊದಲ ಕೆಲವು ವಾರ ಪಿಎಚ್ಚನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ದಿನವೂ ಬ್ರಷ್ ಹಾಕಬೇಕು.

ರಿಪೇರಿಯಲ್ಲಿ ಪೋರ್ಟಬಲ್ ಗೆಲ್ಲುತ್ತದೆ. ಸ್ಕ್ರೂ ಬಿಚ್ಚಿ ಪಕ್ಕದ ಹಲಗೆ ತೆಗೆದರೆ ಪಂಪು, ಹೀಟರು ಕಣ್ಣೆದುರು. ಹೆಚ್ಚಿನ ಸೋರಿಕೆ ಪಂಪಿನ ಸೀಲ್ ಅಥವಾ ಹೀಟರಿನ ಎರಡು ತುದಿಯ ಯೂನಿಯನ್‌ಗಳಲ್ಲೇ (ತಿರುಗಿಸಿ ಬಿಚ್ಚುವ ಪೈಪ್ ಜೋಡಣೆ) ಇರುತ್ತದೆ, ಒಂದು ಓ-ರಿಂಗ್‌ನಲ್ಲಿ (ರಬ್ಬರ್ ಉಂಗುರ) ಮುಗಿಯುವ ಕೆಲಸ. ತೊಂದರೆ ಕೊಡುವುದು ಪೂರ್ತಿ ಫೋಮ್ ತುಂಬಿದ ಮಾದರಿಗಳು: ಶಾಖ ಚೆನ್ನಾಗಿ ಹಿಡಿಯುತ್ತವೆ, ಆದರೆ ಜೆಟ್ಟಿನ ಹಿಂದೆ ಸೋರಿದರೆ ಫೋಮ್ ಕೆರೆದು ಹುಡುಕಬೇಕು. ಬೆಚ್ಚಗಿರುವ ಪೆಟ್ಟಿಗೆಯೊಳಗೆ ಇಲಿ ಸೇರಿ ವೈರ್ ಕಡಿಯುವುದೂ ಉಂಟು, ತಳದ ಸಂದುಗಳನ್ನು ಜಾಲರಿಯಿಂದ ಮುಚ್ಚಿಸಿ. ನೆಲದೊಳಗಿನದಕ್ಕೆ ಸೋರಿಕೆ ಎಂದರೆ ಟೈಲ್ಸ್ ಒಡೆಯುವುದು, ಅಗೆಯುವುದು. ಆದರೆ ಬಾಳಿಕೆ ಅದರದೇ ಹೆಚ್ಚು. ಪೋರ್ಟಬಲ್ ಹತ್ತು ಹದಿನೈದು ವರ್ಷಕ್ಕೆ ಗುಜರಿಗೆ ಹೋಗುತ್ತದೆ, ಕಾಂಕ್ರೀಟ್ ತೊಟ್ಟಿ ಪ್ಲಾಸ್ಟರ್ ಬದಲಿಸಿಕೊಂಡು ದಶಕಗಳ ಕಾಲ ನಿಲ್ಲುತ್ತದೆ.

ನೀರಿನ ಬಿಸಿ 40 ಡಿಗ್ರಿ ದಾಟಬಾರದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇಳಿಯಲಿ. ಮಕ್ಕಳಿರುವ ಮನೆಯಲ್ಲಿ ಕವರಿಗೆ ಬೀಗ ಇರಲಿ. ನೆಲಮಟ್ಟದ ತೊಟ್ಟಿಗೆ ಸುತ್ತ ಬೇಲಿಯೂ ಬೇಕು, ಎತ್ತರದ ಟಬ್ಬಿಗೆ ಮಗು ಹತ್ತಿ ಬೀಳಬೇಕು, ಇದಕ್ಕೆ ನಡೆದುಬಂದು ಬೀಳುತ್ತದೆ.

ಇನ್ನು ಚೆಂದದ ದಾರಿ. ಪೋರ್ಟಬಲ್ ಟಬ್ಬನ್ನೇ ಕಾಂಕ್ರೀಟ್ ಗುಂಡಿಯೊಳಗೆ ಇಳಿಸಬಹುದು. ಹಾಗೆ ಮಾಡುವುದಾದರೆ ಟಬ್ ತಳದ ಮೇಲೇ ಕೂರಬೇಕು, ಅಂಚಿನಿಂದ ತೂಗಿಬಿಟ್ಟರೆ ಒಡೆಯುತ್ತದೆ. ಪಂಪ್ ಇರುವ ಬದಿಯಲ್ಲಿ ಮನುಷ್ಯ ಇಳಿದು ಕೂತು ಕೆಲಸ ಮಾಡುವಷ್ಟು, ಅಂದರೆ 75ರಿಂದ 90 ಸೆಂಟಿಮೀಟರ್ ಜಾಗ ಬಿಡಿ, ಮೇಲೆ ಎತ್ತಿ ತೆಗೆಯುವ ಹಲಗೆ ಇರಲಿ. ತಳದಲ್ಲಿ ನೀರು ಹರಿದುಹೋಗುವ ಡ್ರೈನ್, ಅದಕ್ಕೆ ಇಳಿಜಾರು ಸಿಗದಿದ್ದರೆ ಸಂಪ್ ಗುಂಡಿ ಮತ್ತು ತಾನೇ ಓಡುವ ಪಂಪ್. ಗಾಳಿಯಾಡಲು ಕಿಂಡಿ ಬೇಕು, ಇಲ್ಲವಾದರೆ ಕಂಟ್ರೋಲ್ ಬಾಕ್ಸ್ ಬಿಸಿಯೇರಿ ಕೈಕೊಡುತ್ತದೆ. ಅಂಚನ್ನು ನೆಲಕ್ಕೆ ಸಮ ಮಾಡದೆ 40 ಸೆಂಟಿಮೀಟರ್‌ನಷ್ಟು ಮೇಲೆ ಬಿಡಿ, ಕೂತು ಕಾಲು ತಿರುಗಿಸಿ ಇಳಿಯಬಹುದು, ಮಳೆನೀರು, ಕಸ ಒಳಗೆ ಬರುವುದಿಲ್ಲ.

ಗುಂಡಿಗೆ ಹಣ ಹಾಕುವ ಮುನ್ನ ಒಂದು ಕೆಲಸ ಮಾಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಜಾಗದಲ್ಲಿ ಒಂದೂವರೆ ಮೀಟರ್ ಆಳ ತೋಡಿಸಿ ಎರಡು ದಿನ ಬಿಟ್ಟು ನೋಡಿ. ತಳ ಒಣಗಿದ್ದರೆ ಮುಂದುವರಿಯಿರಿ. ನೀರು ಒಸರಿ ನಿಂತಿದ್ದರೆ ಗುಂಡಿಯನ್ನು ಮುಚ್ಚಿಸಿ, ನೆಲದ ಮೇಲೇ ಸ್ಲ್ಯಾಬ್ ಹಾಕಿ ಟಬ್ ಕೂರಿಸಿ, ಮೂರು ಬದಿಗೆ ಮರದ ಕಟ್ಟೆ ಎತ್ತರಿಸಿ. ಕಾಣುವುದು ಹೂತ ಹಾಗೆಯೇ, ಪಂಪ್ ಇರುವ ನಾಲ್ಕನೇ ಬದಿ ಮಾತ್ರ ಬಿಚ್ಚಲು ತೆರೆದಿರಲಿ.